ಕಸದ ಯಂತ್ರಕ್ಕೆ ನಿಜವಾದ ಕಸ ಹಾಕಿ ನೋಡಿ

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸ್ಪರ್ಧೆ ನಡೆಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ. ಕಸ ತಾನಾಗಿ ವಿಂಗಡಿಸುವ ಯಂತ್ರ ಮಾಡಿ ಎಂದು ಮಕ್ಕಳಿಗೆ ಸವಾಲು ಹಾಕುತ್ತೀರಲ್ಲ, ಪರೀಕ್ಷೆಯ ದಿನ ನಿಜವಾದ ಕಸ ತರಿಸಿ.

ಇತ್ತೀಚೆಗೆ ಒಂದು ಕಾಲೇಜಿನಲ್ಲಿ ನೋಡಿದ ಯಂತ್ರ: ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೊ ಬೋರ್ಡು, ಲೋಹ ಗುರುತಿಸುವ ಇಂಡಕ್ಟಿವ್ ಸೆನ್ಸರ್, ತೇವದ ಸೆನ್ಸರ್, ಸರ್ವೋ ಮೋಟಾರಿನಿಂದ ತಿರುಗುವ ತಟ್ಟೆ, ಕೆಳಗೆ ಮೂರು ಡಬ್ಬ. ಹುಡುಗಿಯೊಬ್ಬಳು ಮೊಳೆ, ಬಾಳೆಹಣ್ಣಿನ ಸಿಪ್ಪೆ, ಕಾಗದದ ಚೂರು ಒಂದೊಂದಾಗಿ ಇಟ್ಟಳು. ಮೂರೂ ಸರಿಯಾಗಿ ಬಿದ್ದವು. ವೈರಿಂಗ್ ಅಚ್ಚುಕಟ್ಟು, ಕೋಡ್ ಅವರೇ ಬರೆದದ್ದು. ಆ ಮಕ್ಕಳ ಶ್ರಮದ ಬಗ್ಗೆ ಎರಡು ಮಾತಿಲ್ಲ.

ಆದರೆ ಕಸ ಬರುವುದು ಗಂಟು ಕಟ್ಟಿದ ಕವರಿನಲ್ಲಿ. ಸಾರು ಉಳಿದ ಪಾರ್ಸೆಲ್ ಡಬ್ಬ, ಮೊಸರು ಮೆತ್ತಿದ ಪ್ಯಾಕೆಟ್, ನಡುವೆ ತುರುಕಿದ ಡೈಪರ್, ಒಡೆದ ಬಲ್ಬು. ಒದ್ದೆಯಾದ ಮೊಸರಿನ ಪ್ಯಾಕೆಟ್ಟನ್ನು ಆ ಯಂತ್ರ ಹಸಿ ಕಸಕ್ಕೆ ತಳ್ಳುತ್ತದೆ, ಒಣಗಿದ ಈರುಳ್ಳಿ ಸಿಪ್ಪೆಯನ್ನು ಒಣ ಕಸಕ್ಕೆ. ಎರಡೂ ತಪ್ಪು. ಇಂಡಕ್ಟಿವ್ ಸೆನ್ಸರಿಗೆ ಲೋಹ ತಿಳಿಯುವುದು ಕೆಲವೇ ಮಿಲಿಮೀಟರ್ ದೂರದಿಂದ; ಅನ್ನದ ಮುದ್ದೆಯೊಳಗೆ ಸಿಕ್ಕಿಕೊಂಡ ಬ್ಲೇಡು ಅದಕ್ಕೆ ಸಿಗುವುದಿಲ್ಲ. ಅತಿಗೆಂಪು ಕಿರಣದಿಂದ ಪ್ಲಾಸ್ಟಿಕ್ ಗುರುತಿಸಿ ಗಾಳಿ ಊದಿ ಬೇರ್ಪಡಿಸುವ ದುಬಾರಿ ಯಂತ್ರಗಳೇ ಕಪ್ಪು ಪ್ಲಾಸ್ಟಿಕ್ ಮುಂದೆ ಸೋಲುತ್ತವೆ, ಅದರೊಳಗಿನ ಇಂಗಾಲದ ಪುಡಿ ಕಿರಣವನ್ನು ಹೀರಿಕೊಳ್ಳುವುದರಿಂದ. ನಮ್ಮ ಹೋಟೆಲಿನ ಪಾರ್ಸೆಲ್ ಡಬ್ಬಗಳಲ್ಲಿ ಎಷ್ಟು ಕಪ್ಪು ಬಣ್ಣದವಿವೆ, ನೀವೇ ಗಮನಿಸಿ.

ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು (ಹಸಿ ಕಸಕ್ಕೊಂದು, ಡೈಪರಿನಂಥ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಹೈಕೋರ್ಟ್ 2015ರಲ್ಲೇ ಕಡ್ಡಾಯ ಮಾಡಿದೆ. ಹಸಿ, ಒಣ ಬೇರೆ ಮಾಡಲು ಮನೆಯವರ ಕೈ ಸಾಕು. ಯಂತ್ರ ಬೇಕಿರುವುದು ಮುಂದಿನ ಹಂತಕ್ಕೆ, ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ. ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ಹಾಲಿನ ಕವರ್ ಒಂದು ಕಡೆ, ನೀರಿನ ಬಾಟಲ್ ಒಂದು ಕಡೆ, ಚಿಪ್ಸ್ ಪ್ಯಾಕೆಟ್ ಇನ್ನೊಂದು ಕಡೆ ಎಸೆಯುತ್ತಾರೆ. ಬೆರಳಲ್ಲಿ ಉಜ್ಜಿ, ಬರುವ ಸದ್ದಿನಿಂದಲೇ ಯಾವ ಬಗೆಯ ಪ್ಲಾಸ್ಟಿಕ್ ಅಂತ ಹೇಳಬಲ್ಲರು. ಅಂಥ ಜ್ಞಾನವಿರುವ ಕೈಗೇ ಸಿರಿಂಜಿನ ಸೂಜಿ ಚುಚ್ಚುತ್ತದೆ, ಗಾಜು ಕೊಯ್ಯುತ್ತದೆ. ನನಗೆ ಸಂಕಟವಾಗುವುದು ಇಲ್ಲೇ.

ಹಾಗಾಗಿ ಸವಾಲನ್ನೇ ಬದಲಿಸಿ. ಕವರಿನ ಗಂಟು ಬಿಚ್ಚಿ ಕಸ ತೆಳ್ಳಗೆ ಹರಡುವ ಯಂತ್ರ ಕೇಳಿ. ನಿಂತು ಕೆಲಸ ಮಾಡುವ ಎತ್ತರದಲ್ಲಿ ಕಸ ಸಾಗಿಸುವ ಬೆಲ್ಟ್, ಕಬ್ಬಿಣವನ್ನು ಮೊದಲೇ ಎಳೆದುಕೊಳ್ಳುವ ಅಯಸ್ಕಾಂತ, ಸೂಜಿ ಕಂಡರೆ ಬೆಲ್ಟ್ ನಿಲ್ಲಿಸುವ ಕ್ಯಾಮೆರಾ ಕೇಳಿ. ವಿನ್ಯಾಸ ಶುರು ಮಾಡುವ ಮೊದಲು ಮಕ್ಕಳನ್ನು ಆ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸ್ಪರ್ಧೆಯ ದಿನ ಅಲ್ಲಿನ ಹೆಂಗಸರನ್ನೂ ತೀರ್ಪುಗಾರರಾಗಿ ಕೂರಿಸಿ, ಉಳಿದ ತೀರ್ಪುಗಾರರಿಗೆ ಕೊಡುವಷ್ಟೇ ಗೌರವಧನ ಅವರಿಗೂ ಕೊಡಿ.