ಇನ್ಸುಲಿನ್ ಕರಾವಳಿಯಲ್ಲೇ ತಯಾರಾಗಬೇಕೆ?

ಪರ

ಉಡುಪಿಯ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ದೊಡ್ಡಮ್ಮನ ಇನ್ಸುಲಿನ್ ಸೀಸೆ ಇರುತ್ತದೆ. ಆಟಿಯ ಗಾಳಿಮಳೆಗೆ ಹೋದ ಕರೆಂಟು ಮರುದಿನವೂ ಬಾರದಿದ್ದರೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒದ್ದೆ ಮರಳು ತುಂಬಿದ ಮಡಕೆಯೊಳಗೆ ಇಡುತ್ತೇವೆ. ಜೀವವೇ ಒಂದು ಸೀಸೆಯನ್ನು ನಂಬಿಕೊಂಡಿರುವಾಗ ಅದರ ತಯಾರಿಕೆ ಕೆಲವೇ ಕಂಪನಿಗಳ ಕೈಯಲ್ಲಿ ಏಕಿರಬೇಕು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಈ ವಿದ್ಯೆ ಈಗ ಗುಟ್ಟಾಗಿಯೂ ಉಳಿದಿಲ್ಲ. ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುತ್ತಿದ್ದ ಕಾಲದಲ್ಲಿ, 1978ರಲ್ಲಿ, ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ತಾವೇ ಕಟ್ಟಿದ ಜೀನ್‌ಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಮಾನವ ಇನ್ಸುಲಿನ್ ಪಡೆದರು. 1982ರಲ್ಲಿ ಅಮೆರಿಕ ಅದನ್ನು ಔಷಧಿಯಾಗಿ ಒಪ್ಪಿತು. ಆ ಮೊದಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಮಂಗಳೂರು, ಮಣಿಪಾಲಗಳಲ್ಲಿ ಜೈವಿಕ ತಂತ್ರಜ್ಞಾನ ಓದಿದ ಮಕ್ಕಳು ಕೆಲಸ ಹುಡುಕಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಾರೆ. ಸಣ್ಣದೊಂದು ಸರಕಾರಿ ಘಟಕ ಇಲ್ಲೇ ಇದ್ದರೆ ಅವರಿಗೆ ಉದ್ಯೋಗವೂ ಜಿಲ್ಲೆಗೆ ಔಷಧಿಯೂ ಸಿಕ್ಕೀತು.

ವಿರೋಧ

ಆದರೂ ನನ್ನ ಮನಸ್ಸು ವಿರೋಧದ ಕಡೆಗೇ ವಾಲುತ್ತದೆ, ಏಕೆಂದರೆ ಜೀನ್ ಸೇರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಇನ್ಸುಲಿನ್ ಒಂದು ಪ್ರೋಟೀನು: 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿಗಳು. ಅವು ಮೂರು ಗಂಧಕದ ಬಂಧಗಳಿಂದ ಸರಿಯಾದ ಜಾಗದಲ್ಲೇ ಬೆಸೆದುಕೊಂಡಾಗ ಮಾತ್ರ ಅದು ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಇ. ಕೋಲಿಯ ಒಳಗೆ ಈ ಬೆಸುಗೆ ತಾನಾಗಿ ಆಗುವುದಿಲ್ಲ: ಪ್ರೋಟೀನು ಮಡಿಕೆ ತಪ್ಪಿ ಗಂಟುಗಂಟಾಗಿ ಕೂರುತ್ತದೆ. ಜೀವಕೋಶ ಒಡೆದು, ಗಂಟುಗಳನ್ನು ಕರಗಿಸಿ, ಮತ್ತೆ ಸರಿಯಾಗಿ ಮಡಿಸಿ, ಎರಡು ಸರಪಳಿಗಳನ್ನು ಜೋಡಿಸಿರುವ ನಡುವಿನ ಬೇಡದ ತುಂಡನ್ನು ಕಿಣ್ವದಿಂದ ಕತ್ತರಿಸಿ, ಹಲವು ಹಂತಗಳಲ್ಲಿ ಶುದ್ಧೀಕರಿಸಬೇಕು. ಇ. ಕೋಲಿಯೊಂದೇ ದಾರಿಯೇನಲ್ಲ: ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ತನ್ನ ಇನ್ಸುಲಿನ್ ತಂದದ್ದು ಬ್ಯಾಕ್ಟೀರಿಯಾದಿಂದಲ್ಲ, ಪಿಚಿಯಾ ಎಂಬ ಯೀಸ್ಟಿನಿಂದ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಎಂಡೋಟಾಕ್ಸಿನ್. ಇ. ಕೋಲಿಯ ಹೊರಪೊರೆಯ ಈ ಅಂಶ ಚುಚ್ಚುಮದ್ದಿನಲ್ಲಿ ಉಳಿದರೆ ಜ್ವರ ಬರಬಹುದು, ಪ್ರಮಾಣ ಹೆಚ್ಚಾದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ತಯಾರಾದ ಪ್ರತಿ ಕಂತನ್ನೂ ಪರೀಕ್ಷಿಸಲೇಬೇಕು, ಮತ್ತು ಘಟಕ ಚಿಕ್ಕದಾಯಿತೆಂದು ಆ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಸಣ್ಣ ಘಟಕದ ಇನ್ಸುಲಿನ್ ಅಗ್ಗವಾಗುವ ಬದಲು ತುಟ್ಟಿಯಾಗುವ ಭಯವೇ ನನಗೆ ಹೆಚ್ಚು.

ನಮ್ಮ ಮಕ್ಕಳು ಈ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿಯಲಿ, ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಸರಕಾರದ ಬಳಿ ಇದಕ್ಕೆಂದು ಹಣವಿದ್ದರೆ ಅದು ಮೊದಲು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹೋಗಲಿ: ದಿನವಿಡೀ ಕರೆಂಟು ಹೋದರೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯುವ ಫ್ರಿಜ್ಜು, ಅದರೊಳಗೆ ದೊಡ್ಡಮ್ಮನಂಥವರಿಗೆ ತಿಂಗಳು ತಿಂಗಳು ತಪ್ಪದೆ ಸಿಗುವ ಸೀಸೆ.