ಓಣಿಗೆ ನೀರು ಬರಲಿಲ್ಲ, ಕಾರಣ ನಾನಂತೆ

ಇವತ್ತು ಬೆಳಗ್ಗೆಯಿಂದ ನಮ್ಮ ಓಣಿಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಎದುರು ಮನೆ ಅಕ್ಕ ಮಾತಾಡಿದರು, ಆದರೆ ನನ್ನ ಹತ್ತಿರ ಅಲ್ಲ, ಕೈಯಲ್ಲಿದ್ದ ಖಾಲಿ ಕೊಡದ ಹತ್ತಿರ. "ನೋಡವ್ವಾ ಕೊಡಾ, ನಿನಗ ಇವತ್ತೂ ನೀರಿಲ್ಲ. ಮಂದಿಗೆ ನಾಯಿ ಬೇಕಂತ, ನೀರು ಬ್ಯಾಡಂತ." ಕೊಡ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಳದಲ್ಲಿ ನೀರು ಬರುವ ದಿನ ಅಂದರೆ ಮನೆಯಲ್ಲಿ ಹಬ್ಬಕ್ಕಿಂತ ಜಾಸ್ತಿ ಗಡಿಬಿಡಿ. ನಮ್ಮ ಓಣಿಗೆ ಇವತ್ತು ಒಂಬತ್ತನೇ ದಿನ. ಏಪ್ರಿಲ್ ಬಿಸಿಲು, ಸಂಪಿನ ತಳ ಕಾಣುತ್ತಿದೆ. ಡ್ರಮ್ಮು, ಕೊಡ, ಬಕೆಟ್, ಕೊನೆಗೆ ಕುಕ್ಕರ್ ತನಕ ಎಲ್ಲಾ ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದೆವು. ವಾಲ್‌ಮನ್ ಬಂದರು ಕೂಡ. ಬಂದವರು ವಾಲ್ವ್ ತಿರುಗಿಸದೆ ನಡೆದುಕೊಂಡು ಹೋದರು. ಬರುವಾಗ ಗಾಡಿಯ ಮೇಲೆ ಬಂದವರು ಹೋಗುವಾಗ ಯಾಕೆ ನಡೆದುಕೊಂಡು ಹೋದರು ಅಂತ ಕೇಳಿದರೆ, ಎರಡು ತಿಂಗಳು ಹಿಂದಕ್ಕೆ ಹೋಗಬೇಕು.

ಮಗಳ ಹಟಕ್ಕೆ ನಾಯಿಗಳ ಶೆಲ್ಟರ್‌ಗೆ ಹೋಗಿದ್ದೆವು. ಅಂಗೈಯಲ್ಲಿ ಹಿಡಿಸುವಂಥ ಮರಿ ತರೋದು ಅಂತ ನನ್ನ ಲೆಕ್ಕ. ಅಲ್ಲಿದ್ದ ಹುಡುಗ, "ಮರಿ ಎಲ್ಲರೂ ಒಯ್ತಾರ ಸರ್, ದೊಡ್ಡವನ್ನ ಯಾರೂ ಕೇಳಂಗಿಲ್ಲ" ಅಂದ. ಮಗಳ ಕಣ್ಣು ತುಂಬಿತು. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ನಾಲ್ಕು ವರ್ಷದ ಹೆಣ್ಣು ನಾಯಿ, ಹೆಸರು ರಾಣಿ. ಎಡಗಿವಿಯ ತುದಿ ಕತ್ತರಿಸಿತ್ತು, ಮರಿ ಆಗದಂತೆ ಆಪರೇಷನ್ ಆಗಿದೆ ಅನ್ನುವುದಕ್ಕೆ ಅದು ಗುರುತು. ರೇಬೀಸ್ ಚುಚ್ಚುಮದ್ದಿನ ಕಾರ್ಡನ್ನೂ ಕೊಟ್ಟರು. ಕೊನೆಗೆ ಆ ಹುಡುಗ "ಸ್ವಲ್ಪ ಚುರುಕು ಜಾಸ್ತಿ ಸರ್" ಅಂದ. ಸಂಬಂಧ ಕುದುರಿಸುವವರು "ಹುಡುಗಗ ಸ್ವಲ್ಪ ಸಿಟ್ಟು ಜಾಸ್ತಿ, ಅಷ್ಟೇ" ಅಂತಾರಲ್ಲ, ಅದೇ ದನಿ. ನನಗೆ ಆಗಲೇ ಹೊಳೆಯಬೇಕಿತ್ತು.

ರಾಣಿಯ ಅಪ್ಪ ಅಮ್ಮನಲ್ಲಿ ಒಬ್ಬರು ಮುಧೋಳದವರಂತೆ. ಕಾಲು ನೋಡಿದರೆ ಹೌದು ಅನಿಸುತ್ತದೆ. ಮುಧೋಳ ನಾಯಿಯ ಅಂಚೆಚೀಟಿ 2005ರಲ್ಲೇ ಬಂದಿದೆ. ಚಿತ್ರ ತೆಗೆಯುವಷ್ಟು ಹೊತ್ತು ಆ ನಾಯಿ ಒಂದೇ ಕಡೆ ಹೇಗೆ ನಿಂತಿತ್ತೋ ನನಗಂತೂ ಗೊತ್ತಿಲ್ಲ. ನನ್ನ ಫೋನಿನಲ್ಲಿ ರಾಣಿಯ ಇನ್ನೂರು ಫೋಟೋ ಇವೆ, ಎಲ್ಲದರಲ್ಲೂ ಬಾಲ ಮಾತ್ರ.

ಶೆಲ್ಟರ್‌ನವರು ಮೂರರ ಲೆಕ್ಕ ಹೇಳಿದ್ದರು. ಮೂರು ದಿನ ಹೆದರಿಕೊಂಡು ಮೂಲೆಯಲ್ಲಿರುತ್ತದೆ, ಮೂರು ವಾರಕ್ಕೆ ಮನೆ ರೂಢಿಯಾಗುತ್ತದೆ, ಮೂರು ತಿಂಗಳಿಗೆ ಇದು ನನ್ನದೇ ಮನೆ ಅನಿಸುತ್ತದೆ ಅಂತ. ರಾಣಿ ಮೂರು ದಿನದ್ದನ್ನು ಮೂರು ತಾಸಿನಲ್ಲಿ ಮುಗಿಸಿತು. ಹೆದರಿಕೊಂಡು ಮೂಲೆಯಲ್ಲಿದ್ದದ್ದು ನಾವು. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಮರುದಿನ ರೊಟ್ಟಿ ಬುಟ್ಟಿಯನ್ನೇ ಎಳೆದುಕೊಂಡು ಹೊರಟಾಗ ನಮ್ಮವ್ವ "ಏ ಮೂದೇವಿ!" ಅಂದಳು ನೋಡಿ, ಓಡಿ ಬಂದು ಅವಳ ಕಾಲ ಹತ್ತಿರ ಕೂತಿತು. ಅವತ್ತಿನಿಂದ ಕಾರ್ಡಿನಲ್ಲಿ ರಾಣಿ, ಕರೆಯೋದಕ್ಕೆ ಮೂದೇವಿ. ಅವ್ವನಿಗೆ ಈಗ ಅದರ ಮೇಲೆ ಎಷ್ಟು ಪ್ರೀತಿ ಅಂದರೆ ದಿನಾ ಒಗ್ಗರಣೆ-ಮಿರ್ಚಿ ತಿನ್ನಿಸಲು ನೋಡುತ್ತಾಳೆ. ಈರುಳ್ಳಿ ನಾಯಿಗೆ ವಿಷ, ರಕ್ತ ಕೆಡುತ್ತದೆ ಅಂದರೆ, "ಉಳ್ಳಾಗಡ್ಡಿ ತಿನ್ನಲಾರದ ಬಳ್ಳಾರಿಯಾಗ ಹೆಂಗ ಬಾಳ್ವಿ ಮಾಡ್ತದ ಅದು?" ಅಂತ ನನಗೇ ಕೇಳುತ್ತಾಳೆ.

ಇರಲಿ. ಇವತ್ತಿನ ಮಾತಿಗೆ ಬರುತ್ತೇನೆ.

ಬಿಸಿಲೇರಿದರೆ ಡಾಂಬರಿಗೆ ನಾಯಿಯ ಪಾದ ಸುಡುತ್ತದೆ ಅಂತ ಐದೂವರೆಗೇ ಸುತ್ತಾಡಿಸಿಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದೆ. ಓಣಿಯ ಆ ತುದಿಯಲ್ಲಿ ವಾಲ್‌ಮನ್ ಅಣ್ಣನ ಹಳೆ ಟಿವಿಎಸ್ ಸದ್ದು ಬಂತು. ಪಟಪಟಪಟ. ರಾಣಿಯ ಕಿವಿ ನೆಟ್ಟಗಾದವು. ಆಮೇಲೆ ನನ್ನ ಕೈಯಲ್ಲಿ ಅರ್ಧ ಚೈನು ಮಾತ್ರ ಇತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನೇ ಕಡಿದು ಗೇಟು ಕೊಚ್ಚಿಹೋಗಿತ್ತು, ನಾನು ಚೌಕಾಸಿ ಮಾಡಿ ಇನ್ನೂರು ರೂಪಾಯಿಗೆ ತಂದ ಚೈನು ಯಾವ ಲೆಕ್ಕ?

ವಾಲ್‌ಮನ್ ಅಣ್ಣ ಗಾಡಿ ಸ್ಟ್ಯಾಂಡ್ ಹಾಕಿದ್ದರು ಅಷ್ಟೇ. ಬರುತ್ತಿರುವುದನ್ನು ನೋಡಿ, ವಾಲ್ವ್ ತಿರುಗಿಸುವ ಆ ಉದ್ದನೆ ರಾಡಿನ ಸಮೇತ ಹನುಮಪ್ಪನ ಗುಡಿ ಕಟ್ಟೆ ಹತ್ತಿದರು. ನಾನು ಹಿಂದೆ ಓಡುತ್ತಾ, ಒಂದು ಕೈಯಲ್ಲಿ ಲುಂಗಿ, ಇನ್ನೊಂದು ಕೈಯಲ್ಲಿ ಅರ್ಧ ಚೈನು, "ಕಚ್ಚಂಗಿಲ್ಲ ಅಣ್ಣಾ, ಪ್ರೀತಿಗೆ ಬಂದದ" ಅಂತ ಕೂಗಿದೆ. ಅವರು ಮೇಲಿನಿಂದ, "ಪ್ರೀತಿನೋ ಸಿಟ್ಟೋ, ನನಗ ಕಾಣೋದು ಹಲ್ಲು ರೀ!" ಅಂದರು.

ರಾಣಿ ಅವರ ಕಡೆ ನೋಡಲೂ ಇಲ್ಲ. ಟಿವಿಎಸ್ ಹತ್ತಿರ ಹೋಗಿ ಸೀಟು ಮೂಸಿತು, ಹ್ಯಾಂಡಲ್ ಮೂಸಿತು, ಆಮೇಲೆ ಕಾಲಿಡುವ ಜಾಗಕ್ಕೆ ಹಾರಿ, ಮುಂದಕ್ಕೆ ಮುಖ ಮಾಡಿ ಕೂತುಬಿಟ್ಟಿತು. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ. ಬಿಸ್ಕೆಟ್ ತೋರಿಸಿದೆ, ಬಿಸ್ಕೆಟ್ ತಿಂದಿತು, ಇಳಿಯಲಿಲ್ಲ. ಎಳೆದೆ, ಗಾಡಿಯೇ ವಾಲಿತು. ಮಗಳು ಬಂದು ಇಂಗ್ಲಿಷಿನಲ್ಲಿ ಹೇಳಿದಳು, ಅದೂ ಆಗಲಿಲ್ಲ. ಅಷ್ಟರಲ್ಲಿ ಓಣಿಗೆ ಓಣಿಯೇ ಕೊಡ ಹಿಡಿದುಕೊಂಡು ಬಂದು ಸುತ್ತ ನಿಂತಿತ್ತು. ಒಬ್ಬರು ನೀರು ಎರಚಿ ಅಂದರು. ಎಲ್ಲರೂ ಅವರ ಮುಖ ನೋಡಿದೆವು. ಎರಚೋಕೆ ನೀರಿದ್ದರೆ ಇಷ್ಟೆಲ್ಲಾ ಯಾಕೆ?

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ವಾಲ್‌ಮನ್ ಅಣ್ಣ ಕಟ್ಟೆಯ ಹಿಂಬದಿಯಿಂದ ಇಳಿದು, ರಾಡು ಹೆಗಲಿಗೇರಿಸಿಕೊಂಡು, ಹಿಂದೆ ತಿರುಗದೆ ಹೋಗಿಬಿಟ್ಟರು. ಆಮೇಲೆ ಅವ್ವ ಗೇಟಿಗೆ ಬಂದು ಒಂದೇ ಒಂದು ಸಲ ಕೂಗಿದಳು, "ಏ ಮೂದೇವಿ! ಬರ್ತಿಯೋ ಇಲ್ಲೋ!" ರಾಣಿ ಇಳಿದು ಬಂತು. ಎದುರು ಮನೆ ಅಕ್ಕನೂ ತಿರುಗಿ ನೋಡಿದರು. ಅವರು ಕೊಡದ ಜೊತೆ ಮಾತಾಡೋಕೆ ಶುರು ಮಾಡಿದ್ದು ಅದಾದ ಮೇಲೆಯೇ.

ಸಿಟ್ಟಿನಲ್ಲಿ ಶೆಲ್ಟರ್‌ಗೆ ಫೋನ್ ಮಾಡಿ ಜಗಳ ತೆಗೆದೆ. ಆ ಹುಡುಗ ಪೂರ್ತಿ ಕೇಳಿಸಿಕೊಂಡು, "ಅಜ್ಜಾರ ಗಾಡಿ ಅನ್ಕೊಂಡದ ಸರ್ ಅದು" ಅಂದ. ಮೊದಲು ರಾಣಿಯನ್ನು ಸಾಕಿದ್ದು ಒಬ್ಬ ಅಜ್ಜ. ಟಿವಿಎಸ್ ಮುಂದೆ ಕೂರಿಸಿಕೊಂಡು ದಿನಾ ಹೊಲಕ್ಕೆ ಕರೆದೊಯ್ಯುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮಕ್ಕಳು ಗಾಡಿ ಮಾರಿದರು, ನಾಯಿಯನ್ನು ಶೆಲ್ಟರ್‌ನಲ್ಲಿ ಬಿಟ್ಟರು. ಇದನ್ನು ಮೊದಲೇ ಹೇಳಬಾರದಿತ್ತಾ ಅಂದೆ. ಹೇಳಿದ್ದನಂತೆ. ನಾನು ಆಗ ಫೋನ್ ನೋಡುತ್ತಿದ್ದೆ ಅಂತ ಮಗಳ ಸಾಕ್ಷಿ ಬೇರೆ.

ಮಧ್ಯಾಹ್ನ ವಾಲ್‌ಮನ್ ಅಣ್ಣ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಗಾಡಿ ಒಯ್ದರು. ಸ್ಟಾರ್ಟ್ ಮಾಡಲಿಲ್ಲ, ಓಣಿ ದಾಟುವವರೆಗೂ ತಳ್ಳಿಕೊಂಡೇ ಹೋದರು. ನಾನು ನೀರಿನ ಬಗ್ಗೆ ಕೇಳಲು ಬಾಯಿ ತೆರೆದೆ, ಅವರು ಕೈ ಮುಗಿದರು.

ಈಗ ಸಂಜೆ ಆರು. ರಾಣಿ ಗೇಟಿನ ಸರಳಿಗೆ ಮೂತಿ ಒತ್ತಿಕೊಂಡು ಕೂತಿದೆ. ದಿನಾ ಈ ಹೊತ್ತಿಗೆ ಹೀಗೆ ಕೂರುತ್ತದೆ, ನಾನು ಬೆಕ್ಕಿಗೆ ಕಾಯುತ್ತಿದೆ ಅಂದುಕೊಂಡಿದ್ದೆ. ಆಚೆ ರಸ್ತೆಯಲ್ಲಿ ಒಂದು ಟಿವಿಎಸ್ ಹೋಯಿತು. ಎದ್ದು ನಿಂತಿತು. ಸದ್ದು ದೂರವಾಯಿತು, ಮತ್ತೆ ಕೂತಿತು.

ಎದುರು ಮನೆ ಅಕ್ಕ ಬಾಗಿಲಿಗೆ ಬಂದು ತಮ್ಮ ಕೊಡಕ್ಕೆ ಹೇಳಿದರು, "ನಾಳೆ ನಸುಕಿನ್ಯಾಗ ನೀರು ಬಿಡ್ತಾರಂತ ಕೊಡಾ. ಆ ನಾಯಿ ಕಟ್ಟಿಹಾಕಿದ್ರ."

ಕಟ್ಟಿದ್ದೇನೆ. ಹೊಸ ಚೈನು, ಐನೂರು ರೂಪಾಯಿ. ಈ ಸಲ ಚೌಕಾಸಿ ಮಾಡಿಲ್ಲ.