ಗುದ್ದಲಿ ಕೊಟ್ಟರು, ಬಂದೂಕು ಕೊಡಲಿಲ್ಲ

ಯೆಹೂದಿಗಳ ಕಥೆ ಬಂದಾಗಲೆಲ್ಲ ನಾವು ಹಿಟ್ಲರನ ಹೆಸರು ಹೇಳಿ ಮುಗಿಸುತ್ತೇವೆ. ಅವನ ಜೊತೆಗಿದ್ದ ಸರ್ಕಾರಗಳು ಸಲೀಸಾಗಿ ಪಾರಾಗಿಬಿಡುತ್ತವೆ. ಹೊರ್ತಿ ಅನ್ನುವವನು ಆಳುತ್ತಿದ್ದ ಕಾಲದ ಹಂಗೇರಿಯನ್ನೇ ನೋಡಿ.

1939ರಲ್ಲಿ ಅಲ್ಲಿ ಕಾರ್ಮಿಕ ಸೇವೆಯ ಕಾನೂನು ಬಂತು. ಸೇನೆಗೆ ತಕ್ಕವರಲ್ಲದವರು ದೇಶಕ್ಕಾಗಿ ಬೇರೆ ಕೆಲಸ ಮಾಡಲಿ ಅಂತ. ಓದಿದರೆ ತಪ್ಪೇನೂ ಕಾಣುವುದಿಲ್ಲ. ಆದರೆ ಒಂದೆರಡು ವರ್ಷದಲ್ಲಿ ಸೇನೆಗೆ ಸೇರುವ ವಯಸ್ಸಿನ ಯೆಹೂದಿಗಳನ್ನು ಅದಕ್ಕೇ ತಳ್ಳಿದರು. ಸಮವಸ್ತ್ರವೂ ಹೋಯಿತು. ಮನೆಯಿಂದ ಉಟ್ಟು ಬಂದ ಬಟ್ಟೆ, ತೋಳಿಗೆ ಹಳದಿ ಪಟ್ಟಿ. ಕ್ರೈಸ್ತರಾಗಿ ಮತಾಂತರವಾಗಿದ್ದರೆ ಬಿಳಿ ಪಟ್ಟಿ, ಚಾಕರಿ ಮಾತ್ರ ಅದೇ!

"ಯುದ್ಧ ಅಂದಮೇಲೆ ಎಲ್ಲರೂ ದುಡಿಯಬೇಕಲ್ವಾ" ಅನ್ನುವವರಿದ್ದಾರೆ. 1942ರಲ್ಲಿ ಹಂಗೇರಿಯ ಎರಡನೇ ಸೇನೆ ರಷ್ಯಾದ ಡಾನ್ ನದಿಯ ಕಡೆ ಹೊರಟಾಗ ಇಂಥ ಸಾವಿರಾರು ಜನರನ್ನೂ ಎಳೆದುಕೊಂಡು ಹೋದರು. ಕಂದಕ ತೋಡಿಸಿದರು. ಸರಿಯಾದ ಸಲಕರಣೆಯಿಲ್ಲದೆ ನೆಲಬಾಂಬ್ ತೆಗೆಸಿದರು. ರಷ್ಯಾದ ಆ ಚಳಿಯಲ್ಲಿ, ಮೈಮೇಲಿನ ಕೋಟು, ಕಾಲಿನ ಬೂಟು ಕಾವಲುಗಾರರ ಪಾಲಾದಮೇಲೆ, ಹಸಿದ ಹೊಟ್ಟೆಯಲ್ಲಿ. ಇದನ್ನು ದುಡಿಮೆ ಅನ್ನಬೇಕಾ? ಒಲಿಂಪಿಕ್ಸ್‌ನಲ್ಲಿ ಹಂಗೇರಿಗೆ ಕತ್ತಿವರಸೆಯಲ್ಲಿ ತಂಡದ ಚಿನ್ನವನ್ನು 1928ರಲ್ಲಿ, ಮತ್ತೆ 1932ರಲ್ಲಿ ಗೆದ್ದುಕೊಟ್ಟ ಅಟಿಲಾ ಪೆಟ್ಷೌಯರ್ ಕೂಡ ಈ ಚಾಕರಿಗೆ ಹೋದವನೇ, 1943ರಲ್ಲಿ ಅಲ್ಲೇ ಸತ್ತ. ಅದೇ ವರ್ಷ ಏಪ್ರಿಲ್ ಕೊನೆಗೆ ಉಕ್ರೇನಿನ ಡೊರೊಶಿಚ್‌ನಲ್ಲಿ ಟೈಫಸ್ ಜ್ವರದವರನ್ನು ಕೂಡಿಹಾಕಿದ್ದ ಕೊಟ್ಟಿಗೆಗೆ ಬೆಂಕಿ ಬಿತ್ತು. ಹೊರಗೆ ಓಡಿಬಂದವರ ಮೇಲೆ ಗುಂಡು ಹಾರಿಸಿದರು. ಹಾರಿಸಿದವರು ಜರ್ಮನ್ನರಲ್ಲ, ಹಂಗೇರಿಯ ಸೈನಿಕರು.

ಮೇಲಿನವರ ಅಪ್ಪಣೆ, ಕೆಳಗಿನವರು ಏನು ಮಾಡಿಯಾರು ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. 1942ರ ಸೆಪ್ಟೆಂಬರಿನಲ್ಲಿ ರಕ್ಷಣಾ ಮಂತ್ರಿಯಾದ ವಿಲ್ಮೋಶ್ ನಾಗಿ, ಈ ಚಾಕರಿಯವರನ್ನು ಹೊಡೆಯಬೇಡಿ, ಸರಿಯಾಗಿ ಊಟ ಹಾಕಿ ಅಂತ ಮೇಲಿನಿಂದಲೇ ಅಪ್ಪಣೆ ಮಾಡಿದ್ದ. ಎಷ್ಟೋ ಅಧಿಕಾರಿಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಮುಂದಿನ ಜೂನಿನಲ್ಲಿ ಅವನ ಕುರ್ಚಿಯೇ ಹೋಯಿತು.

1944ರಲ್ಲಿ ಎಲ್ಲ ತಲೆಕೆಳಗಾಯಿತು. ಮೇ ತಿಂಗಳಿಂದ ಜುಲೈವರೆಗೆ ಸುಮಾರು 4.37 ಲಕ್ಷ ಯೆಹೂದಿಗಳನ್ನು ರೈಲಿಗೆ ತುಂಬಿದರು, ಹೆಚ್ಚಿನವರು ಹೋದದ್ದು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ. ಚಾಕರಿಯ ಕರೆ ಬಂದಿದ್ದರಿಂದ ಕೆಲವು ಗಂಡಸರು ಆ ರೈಲಿನಿಂದ ತಪ್ಪಿಸಿಕೊಂಡರು, ಮನೆಯಲ್ಲಿದ್ದ ಹೆಂಡತಿ ಮಕ್ಕಳು ಹೋದರು. ಇದನ್ನೇ ಹಿಡಿದು ಆ ಸೇವೆ ಜೀವ ಉಳಿಸಿತು ಅಂತ ವಾದಿಸುವವರೂ ಇದ್ದಾರೆ, ಏನು ಹೇಳುವುದು! ಅಕ್ಟೋಬರಿನಲ್ಲಿ ಹಂಗೇರಿಯದೇ ನಾಜಿ ಪರ ಪಕ್ಷವಾದ ಆರೋ ಕ್ರಾಸ್ ಅಧಿಕಾರ ಹಿಡಿದಮೇಲೆ ಹಾಗೆ ಉಳಿದವರಲ್ಲೇ ಸಾವಿರಾರು ಜನರನ್ನು ಆಸ್ಟ್ರಿಯಾ ಗಡಿವರೆಗೆ ನಡೆಸಿಕೊಂಡು ಹೋಗಿ ಜರ್ಮನ್ನರ ಕೈಗೆ ಕೊಟ್ಟರು. ಮತ್ತೆ ಕಂದಕ ತೋಡುವುದಕ್ಕೇ.